ಕೊಡಗಿನ ಗುಡ್ಡದ ಸಂಶೋಧನೆ ಕೊಡಗಿಗೂ ತಲುಪಲಿ

ಮಾನ್ಯರೇ,

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಮೇಲೆ ಭೂವಿಜ್ಞಾನಿಗಳು ಬಂದು ಅಧ್ಯಯನ ಮಾಡಿದರು. ಮಳೆಯೊಂದೇ ಅಲ್ಲ, ರಸ್ತೆಗೆ, ಮನೆಗೆ ಅಂತ ಇಳಿಜಾರಿನ ಬುಡ ಕಡಿದದ್ದೂ ಕಾರಣ ಎಂದರು. ಆದರೆ ಇಂಥ ಸಂಶೋಧನಾ ಪ್ರಬಂಧಗಳೆಲ್ಲ ಇಂಗ್ಲಿಷ್ ಜರ್ನಲ್‌ಗಳ ಪಾಲು. ಕೆಲವನ್ನು ಓದಲು ದುಡ್ಡೂ ಕೊಡಬೇಕು! ಆಗ ಗುಡ್ಡ ಕುಸಿದ ಮಕ್ಕಂದೂರಿನ ಕಾಫಿ ಬೆಳೆಗಾರ ಅವನ್ನು ಎಲ್ಲಿ ಹುಡುಕಬೇಕು?

ಭಾರತೀಯ ಭೂವೈಜ್ಞಾನಿಕ ಸಂಘ ಇರುವುದೇ ಬೆಂಗಳೂರಿನಲ್ಲಿ. 1959ರಿಂದ ಜರ್ನಲ್ ತರುತ್ತಿದೆ. ಅದನ್ನು ಬಹುಕಾಲ ಸಂಪಾದಿಸಿದ ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ ಕನ್ನಡದಲ್ಲೂ ಬರೆದವರು. ಹಾಗಾಗಿ ಕೇಳುವುದು ತಪ್ಪಲ್ಲ ಅಲ್ವಾ? ನಮ್ಮ ನೆಲದ ಮೇಲಿನ ಪ್ರತಿ ಪ್ರಬಂಧದ ಜೊತೆ ಒಂದು ಪುಟ ಕನ್ನಡ ಸಾರಾಂಶ ಇರಲಿ. ಯಾವ ಇಳಿಜಾರು ಅಪಾಯ ಎಂದು ತೋರಿಸುವ ನಕ್ಷೆಯ ಪ್ರತಿ ಆಯಾ ಗ್ರಾಮ ಪಂಚಾಯಿತಿಗೆ ಹೋಗಲಿ, ಅದೂ ಮುಂಗಾರಿಗೆ ಮೊದಲೇ.

– ಓದುಗ, ಮಡಿಕೇರಿ