ಎತ್ತೊ ಎಂದರೆ ನೂರು ಗ್ರಾಂ

ಸಂಪಾದಕರಿಗೆ,

ಮಾನ್ಯರೇ,

2025ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಇಟಲಿಯ ಅಡುಗೆಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರವಾಸ ಬರಹಗಳಲ್ಲಿ ಆ ಅಡುಗೆಯ ಹೊಗಳಿಕೆಗೇನೂ ಕೊರತೆಯಿಲ್ಲ. ಆದರೆ ಮೂರು ತಲೆಮಾರಿನಿಂದ ಒಂದೇ ಕುಟುಂಬ ನಡೆಸುತ್ತಿರುವ ಟ್ರಾಟೊರಿಯಾದಲ್ಲಿ, ಅಂದರೆ ಸಾದಾ ಊಟದ ಹೋಟೆಲಿನಲ್ಲಿ, ಕೂತು ಉಣ್ಣುವ ಕ್ರಮ ಯಾವುದು, ಬಿಲ್ಲಿನಲ್ಲಿ ಏನೇನು ಸೇರುತ್ತದೆ, ಹೋದವರು ಎಲ್ಲಿ ಎಡವುತ್ತಾರೆ ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ‘ಮೋಸ ಹೋದೆವು’ ಎಂದು ಗೊಣಗುತ್ತಾ ಹೊರಬರುವವರಲ್ಲಿ ಬಹಳ ಮಂದಿಯ ತಕರಾರಿಗೆ ಉತ್ತರ ಮೆನುವಿನ ಸಣ್ಣಕ್ಷರದಲ್ಲೇ ಇರುತ್ತದೆ. ಅದಕ್ಕಾಗಿ ಈ ಪತ್ರ.

ಮೊದಲು ಕೊಪೆರ್ತೊ. ತಲೆಗೆ ಇಷ್ಟೆಂದು ಬಿಲ್ಲಿಗೆ ಸೇರುವ ಈ ಮೊತ್ತ ಸಾಮಾನ್ಯವಾಗಿ 1.50ರಿಂದ 3 ಯೂರೊ. ಮೇಜುಬಟ್ಟೆ, ತಟ್ಟೆ, ಬ್ರೆಡ್ಡಿನ ಬುಟ್ಟಿಯ ಬಾಬ್ತು ಇದು, ಟಿಪ್ಸ್ ಅಲ್ಲ. ಮೊತ್ತವನ್ನು ಮೆನುವಿನಲ್ಲಿ ನಮೂದಿಸಿರಲೇಬೇಕು. ರೋಮ್ ಇರುವ ಲಾತ್ಸಿಯೊ ಪ್ರಾಂತ್ಯ 2006ರಲ್ಲಿ ಕಾನೂನು ಮಾಡಿ ಕೊಪೆರ್ತೊ ನಿಷೇಧಿಸಿತು. ಹಾಗಾಗಿ ಅಲ್ಲಿನ ಬಿಲ್ಲಿನಲ್ಲಿ ‘ಪಾನೆ’, ಅಂದರೆ ಬ್ರೆಡ್, ಎಂಬ ಸಾಲು ಕಾಣುತ್ತದೆ. ಬ್ರೆಡ್ ಬೇಡವಾದರೆ ಬುಟ್ಟಿ ಮೇಜಿಗೆ ಬಂದ ಕೂಡಲೇ ‘ಸೆಂತ್ಸಾ ಪಾನೆ, ಗ್ರಾತ್ಸಿಯೆ’ ಎಂದು ಹಿಂದಕ್ಕೆ ಕಳಿಸಬೇಕು. ಒಂದು ತುಂಡು ಮುರಿದ ಮೇಲೆ ಬೇಡವೆಂಬ ವಾದಕ್ಕೆ ಬೆಲೆಯಿಲ್ಲ. ‘ಸೆರ್ವಿತ್ಸಿಯೊ’ ಬೇರೆ, ಅದು ಸೇವಾಶುಲ್ಕ. ಅದು ಬಿಲ್ಲಿನಲ್ಲಿದ್ದರೆ ಟಿಪ್ಸ್ ಬೇಕಿಲ್ಲ. ಇಲ್ಲದಿದ್ದರೂ ಯಾರೂ ಕಾದು ನಿಲ್ಲುವುದಿಲ್ಲ, ಖುಷಿಯಾದರೆ ಒಂದೆರಡು ಯೂರೊ ಬಿಟ್ಟು ಬರಬಹುದು.

ಜೇಬಿಗೆ ನಿಜವಾದ ಪೆಟ್ಟು ಬೀಳುವುದು ‘ಎತ್ತೊ’ ಎಂಬ ಪುಟ್ಟ ಪದದಿಂದ. ಎತ್ತೊ ಎಂದರೆ ನೂರು ಗ್ರಾಂ. ಮೀನಿನ ಮುಂದೆ ‘6 ಯೂರೊ, ಎತ್ತೊಗೆ’ ಎಂದಿದ್ದರೆ, 900 ಗ್ರಾಂ ತೂಗುವ ಇಡೀ ಮೀನಿಗೆ 54 ಯೂರೊ. ತೂಕ ಹಾಕುವುದು ಹಸಿಯಾಗಿ, ತಲೆ ಮತ್ತು ಮುಳ್ಳಿನ ಸಮೇತ. ಕೆಲವು ಮೆನುಗಳಲ್ಲಿ ಬೆಲೆಯ ಜಾಗದಲ್ಲಿ ‘ಎಸ್.ಕ್ಯೂ.’ ಎಂದಷ್ಟೇ ಇರುತ್ತದೆ; ಅದರರ್ಥ ಪ್ರಮಾಣಕ್ಕೆ ತಕ್ಕ ಬೆಲೆ. ಒಳ್ಳೆಯ ಟ್ರಾಟೊರಿಯಾಗಳಲ್ಲಿ ಮೀನನ್ನು ತಟ್ಟೆಯಲ್ಲಿಟ್ಟು ತಂದು ತೋರಿಸುತ್ತಾರೆ. ಆಗಲೇ ‘ಕ್ವಾಂತೊ ಪೇಸಾ?’, ಎಷ್ಟು ತೂಗುತ್ತದೆ ಎಂದು ಕೇಳಿ, ಲೆಕ್ಕ ಹಾಕಿ, ಒಪ್ಪಿಗೆಯಾದರೆ ಒಲೆಗೆ ಕಳಿಸಲು ಹೇಳಬೇಕು. ಹೀಗೆ ಕೇಳಿದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಫ್ಲಾರೆನ್ಸ್‌ನ ಬಿಸ್ತೆಕ್ಕಾ ಎಂಬ ದನದ ಮಾಂಸದ ತುಂಡಿಗೂ ಇದೇ ಲೆಕ್ಕ. ಮೂಳೆ ಸಮೇತ ಒಂದು ಕಿಲೊಗೆ ಕಡಿಮೆ ಇಲ್ಲದ, ಮೂರ್ನಾಲ್ಕು ಬೆರಳು ದಪ್ಪದ ಆ ಮಾಂಸ ಒಬ್ಬರ ಊಟವಲ್ಲ. ಒಳಗೆ ಕೆಂಪಗಿರುವುದೇ ಅದರ ಹದ. ಚೆನ್ನಾಗಿ ಬೇಯಿಸಿ ಎಂದರೆ ಹಲವು ಕಡೆ ಬೇರೆ ತಿನಿಸು ತೆಗೆದುಕೊಳ್ಳಿ ಎಂದು ನಯವಾಗಿಯೇ ಹೇಳಿಬಿಡುತ್ತಾರೆ.

ತಿನಿಸಿನ ಹೆಸರಿನ ಪಕ್ಕ ನಕ್ಷತ್ರದ ಗುರುತಿದ್ದರೆ ಅದು ಶೈತ್ಯೀಕರಿಸಿದ ಪದಾರ್ಥ. ಹಾಗೆ ತಿಳಿಸದೆ ಬಡಿಸುವುದನ್ನು ಅಲ್ಲಿನ ನ್ಯಾಯಾಲಯಗಳು ವ್ಯಾಪಾರ ವಂಚನೆಯ ಯತ್ನವೆಂದೇ ಪರಿಗಣಿಸುತ್ತವೆ. ಸಮುದ್ರದಿಂದ ದೂರದ ಊರಿನಲ್ಲಿ ಸೀಗಡಿಗೆ ನಕ್ಷತ್ರವಿದ್ದರೆ ಅದು ಆ ಟ್ರಾಟೊರಿಯಾದ ಪ್ರಾಮಾಣಿಕತೆ.

ಊಟದ ಸರದಿ ಹೀಗೆ: ಮೊದಲ ತಿನಿಸಾಗಿ ಆಂತಿಪಾಸ್ತೊ, ಆಮೇಲೆ ಪಾಸ್ತಾ ಅಥವಾ ಅಕ್ಕಿಯ ರಿಸೊತ್ತೊ ಇರುವ ಪ್ರೀಮೊ, ಮಾಂಸ ಅಥವಾ ಮೀನಿನ ಸೆಕೊಂಡೊ, ಜೊತೆಗೆ ತರಕಾರಿಯ ಕೊಂತೊರ್ನೊ, ಕೊನೆಗೆ ಸಿಹಿಯಾದ ದೋಲ್ಚೆ. ಎಲ್ಲವನ್ನೂ ತಿನ್ನಬೇಕೆಂದಿಲ್ಲ. ಒಂದು ಪ್ರೀಮೊ, ಒಂದು ಕೊಂತೊರ್ನೊ ಸಾಕು ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಸೆಕೊಂಡೊ ತಟ್ಟೆಯಲ್ಲಿ ಮಾಂಸ ಬಿಟ್ಟು ಬೇರೇನೂ ಇರುವುದಿಲ್ಲ, ತರಕಾರಿಯನ್ನು ಬೇರೆಯಾಗಿ ಹೇಳಬೇಕು. ಇದು ತಿಳಿಯದೆ ‘ಇಷ್ಟೇನಾ?’ ಎನ್ನುವವರೇ ಹೆಚ್ಚು. ರಿಸೊತ್ತೊ ಮುಂದೆ ‘ಕನಿಷ್ಠ ಇಬ್ಬರಿಗೆ’ ಎಂದಿದ್ದರೆ ಅದು ಆಗಷ್ಟೇ ಬೇಯುವ ಅಕ್ಕಿ. ಹದಿನೆಂಟು ಇಪ್ಪತ್ತು ನಿಮಿಷ ಒಬ್ಬರು ಒಲೆಯ ಮುಂದೆಯೇ ನಿಂತಿರಬೇಕು, ಒಂದು ತಟ್ಟೆಗಾಗಿ ಅದು ಕಟ್ಟಿಬರುವುದಿಲ್ಲ.

ಪಾಸ್ತಾ ಬಂದ ಕೂಡಲೇ ತಿನ್ನಿ ಎಂದು ಅಲ್ಲಿನವರು ಒತ್ತಾಯ ಮಾಡುವುದಕ್ಕೂ ಕಾರಣವಿದೆ. ರೋಮ್‌ನ ಕಾಚೊ ಎ ಪೆಪೆಯನ್ನೇ ನೋಡಿ. ಪಾಸ್ತಾ, ಪೆಕೊರಿನೊ ರೊಮಾನೊ ಎಂಬ ಕುರಿಹಾಲಿನ ಚೀಸ್, ಕರಿಮೆಣಸು, ಅಷ್ಟೇ. ಒಬ್ಬರಿಗೆ 100 ಗ್ರಾಂ ಪಾಸ್ತಾ ಎಂದರೆ 50ರಿಂದ 60 ಗ್ರಾಂ ಚೀಸ್. ಸಾಮಾನ್ಯವಾಗಿ 100 ಗ್ರಾಂ ಪಾಸ್ತಾಗೆ ಒಂದು ಲೀಟರ್ ನೀರಿಡುತ್ತಾರೆ. ಇದಕ್ಕೆ ಕಡಿಮೆ, ನೀರಿನಲ್ಲಿ ಗಂಜಿಯಂಶ ಗಟ್ಟಿಯಾಗಲಿ ಎಂದು. ಚೀಸ್‌ನಲ್ಲೇ ಉಪ್ಪು ಧಾರಾಳವಾಗಿರುವುದರಿಂದ ನೀರಿಗೆ ಉಪ್ಪು ಹಿಡಿತದಲ್ಲಿ. ತರಿತರಿಯಾಗಿ ಜಜ್ಜಿದ ಮೆಣಸನ್ನು ಒಣ ಬಾಣಲೆಯಲ್ಲಿ ಘಮ ಬರುವವರೆಗೆ ಹುರಿದು, ಒಂದು ಸೌಟು ಪಾಸ್ತಾ ನೀರು ಹಾಕಿ, ಬೇಯಲು ಇನ್ನೆರಡು ನಿಮಿಷವಿರುವಾಗಲೇ ಪಾಸ್ತಾವನ್ನು ಅದಕ್ಕೆ ಎಳೆದುಕೊಳ್ಳುತ್ತಾರೆ. ನೀರು ಹೀರಿಕೊಂಡ ಮೇಲೆ ಬಾಣಲೆ ಒಲೆಯಿಂದ ಕೆಳಗೆ. ಒಂದು ನಿಮಿಷ ಬಿಟ್ಟು, ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿದ ಚೀಸ್ ಸುರಿದು ಎತ್ತಿ ಎತ್ತಿ ಆಡಿಸುತ್ತಾರೆ. ಬಾಣಲೆಯ ಬಿಸಿ 65 ಡಿಗ್ರಿ ದಾಟಿದ್ದರೆ ಚೀಸ್‌ನ ಪ್ರೋಟೀನ್ ಒಂದಕ್ಕೊಂದು ಅಂಟಿ, ಎಳೆಯೆಳೆಯಾದ ಉಂಡೆ ಒಂದು ಕಡೆ, ನೀರು ಇನ್ನೊಂದು ಕಡೆ ಆಗುತ್ತದೆ. ಅದನ್ನು ತಡೆಯುವುದು ಗಂಜಿಯಲ್ಲಿನ ಪಿಷ್ಟ. ಇಟಲಿಯ ಭೌತವಿಜ್ಞಾನಿಗಳು 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಅಳೆದೇ ನೋಡಿದರು: ಚೀಸ್‌ನ ತೂಕದ ಶೇ 2ರಿಂದ 3ರಷ್ಟು ಪಿಷ್ಟವಿದ್ದರೆ ಸಾಸ್ ಹದವಾಗಿರುತ್ತದೆ, ಶೇ 1ಕ್ಕಿಂತ ಕಡಿಮೆಯಾದರೆ ಒಡೆಯುತ್ತದೆ. ಇಷ್ಟು ಪಾಡುಪಟ್ಟ ತಟ್ಟೆ ಆರಿದರೆ ಕೆಲವೇ ನಿಮಿಷಗಳಲ್ಲಿ ಅಂಟಿನ ಮುದ್ದೆ. ದಯವಿಟ್ಟು ಫೋಟೊ ಆಮೇಲೆ ತೆಗೆಯಿರಿ.

ಕಾರ್ಬೊನಾರಾ ಎಂಬ ಪಾಸ್ತಾದ ಗುಟ್ಟೂ ಇದೇ ಬಿಸಿಯದು, ಅಲ್ಲಿ ಚೀಸ್ ಜೊತೆಗೆ ಮೊಟ್ಟೆಯ ಹಳದಿ ಇರುತ್ತದೆ. ಕ್ರೀಮ್ ಸುರಿದರೆ ಮೊಟ್ಟೆ ಗಟ್ಟಿಕಟ್ಟುವ ಭಯವೇನೋ ತಪ್ಪುತ್ತದೆ, ಆದರೆ ರೋಮ್‌ನಲ್ಲಿ ಅದನ್ನು ಕಾರ್ಬೊನಾರಾ ಎನ್ನುವುದಿಲ್ಲ.

‘ಪಾಸ್ತಾ ಬೆಂದೇ ಇಲ್ಲ’ ಎಂಬುದು ಇನ್ನೊಂದು ದೂರು. ಒಣ ಪಾಸ್ತಾ ಹಲ್ಲಿಗೆ ಸಿಗಬೇಕು ಎಂಬುದು ಅಲ್ಲಿನ ರುಚಿ. ಅದು ಒಗ್ಗದವರು ಅಡುಗೆಯವರೊಡನೆ ಜಗಳಕ್ಕಿಳಿಯುವ ಬದಲು ಮೊಟ್ಟೆ ಹಾಕಿ ಕಲಸಿದ ತಾಜಾ ಪಾಸ್ತಾ ಹೇಳಿದರೆ ಸಮಸ್ಯೆ ತೀರಿತು, ಅದು ಸ್ವಭಾವತಃ ಮೃದು. ನೂರು ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ ಅದರ ಅಳತೆ. ಬೊಲೋನ್ಯಾ ನಗರದ ತಾಲ್ಯಾತೆಲ್ಲೆ ಎಂಬ ಪಟ್ಟಿಯಂಥ ಪಾಸ್ತಾ ಈ ಬಗೆಯದು. ಅದರ ಅಗಲ ಬೆಂದ ಮೇಲೆ 8 ಮಿಲಿಮೀಟರ್ ಇರಬೇಕೆಂದು 1972ರಲ್ಲಿ ಆ ನಗರದ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿಯೇ ಇಟ್ಟಿದ್ದಾರೆ. ಮೇಲೆ ಹಾಕುವ ರಗು ಎಂಬ ಮಾಂಸದ ಸಾಸ್ ಎರಡು ಮೂರು ಗಂಟೆ ಸಣ್ಣ ಉರಿಯಲ್ಲಿ ಕುದಿದದ್ದು. ಕಟ್ಟಿಗೆಯ ಲಟ್ಟಣಿಗೆಯಲ್ಲಿ ಲಟ್ಟಿಸಿದ ಹಾಳೆಯ ಒರಟು ಮೈಗೆ ಅದು ಕಚ್ಚಿಕೊಳ್ಳುತ್ತದೆ. ಸ್ಪಗೆಟಿಯ ನುಣುಪಿಗೆ ಹಾಗೆ ನಿಲ್ಲುವುದಿಲ್ಲ, ತಟ್ಟೆಯ ತಳಕ್ಕೆ ಜಾರುತ್ತದೆ. ಸ್ಪಗೆಟಿ ಬೊಲೊನೀಸ್ ಅಲ್ಲಿನ ಹಳೆಯ ಟ್ರಾಟೊರಿಯಾಗಳ ಮೆನುವಿನಲ್ಲಿ ಇಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಸಸ್ಯಾಹಾರಿಗಳು ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು. ಕಣ್ಣಿಗೆ ಕಾಣುವ ತುಂಡು ತಪ್ಪುತ್ತದೆ. ರಿಸೊತ್ತೊಗೆ ಸುರಿದ ಮಾಂಸದ ಸಾರು, ಬೀನ್ಸ್ ಬೇಯಿಸುವಾಗ ಹಾಕಿದ ಹಂದಿಕೊಬ್ಬು ಉಳಿದೇ ಇರುತ್ತದೆ. ‘ಚೆ ಬ್ರೋಡೊ ದಿ ಕಾರ್ನೆ?’, ಮಾಂಸದ ಸಾರು ಇದೆಯೇ ಎಂದು ನೇರವಾಗಿ ಕೇಳಬೇಕು. ಪಾರ್ಮಿಜಾನೊ ಚೀಸ್‌ಗೆ ಕರುವಿನ, ಪೆಕೊರಿನೊ ರೊಮಾನೊಗೆ ಕುರಿಮರಿಯ ಜಠರದಿಂದ ತೆಗೆದ ರೆನೆಟ್ ಹಾಕಿ ಹಾಲು ಒಡೆಸುತ್ತಾರೆ. ಕಟ್ಟುನಿಟ್ಟಿನವರು ಟೊಮೆಟೊ ಸಾಸ್‌ನ ಅಥವಾ ಬೆಳ್ಳುಳ್ಳಿ, ಎಣ್ಣೆ, ಮೆಣಸಿನಕಾಯಿಯ ಪಾಸ್ತಾವನ್ನು ‘ಸೆಂತ್ಸಾ ಫೊರ್ಮಾಜೊ’, ಚೀಸ್ ಇಲ್ಲದೆ ಎಂದು ಕೇಳುವುದು ಕ್ಷೇಮ. ಅಲರ್ಜಿ ಇರುವವರಿಗೆ ಹಿಂಜರಿಕೆ ಬೇಡ. 2014ರ ಡಿಸೆಂಬರ್‌ನಿಂದ ಯುರೋಪಿಯನ್ ಒಕ್ಕೂಟದ ನಿಯಮದಂತೆ 14 ಬಗೆಯ ಅಲರ್ಜಿಕಾರಕಗಳ ಮಾಹಿತಿಯನ್ನು ಪ್ರತಿ ಹೋಟೆಲೂ ಕೊಡಲೇಬೇಕು.

ತಟ್ಟೆಯಲ್ಲಿ ಉಳಿದ ಸಾಸನ್ನು ಬ್ರೆಡ್ಡಿನಿಂದ ಬಳಿದು ತಿನ್ನಲು ನಾಚಬೇಕಿಲ್ಲ. ಸ್ಕಾರ್ಪೆತ್ತಾ ಎಂಬ ಹೆಸರೇ ಇದೆ ಅದಕ್ಕೆ, ಅಡುಗೆಯವರಿಗೆ ಅದೇ ಮೆಚ್ಚುಗೆ. ಊಟದ ನಂತರ ಹಾಲಿನ ಕಾಪುಚಿನೊ ಅಲ್ಲಿನವರು ಕುಡಿಯುವುದಿಲ್ಲ, ಪುಟ್ಟ ಲೋಟದ ಕಪ್ಪು ಕಾಫಿ ಸಾಕು. ಬಿಲ್ ತಾನಾಗಿ ಬರುವುದಿಲ್ಲ. ಕೇಳದೆ ಬಿಲ್ ಇಟ್ಟರೆ ಎದ್ದು ಹೋಗಿ ಎಂದಂತಾಗುತ್ತದೆ ಎಂಬುದು ಅವರ ಭಾವನೆ. ‘ಇಲ್ ಕೊಂತೊ, ಪೆರ್ ಫಾವೊರೆ’ ಎಂದರೆ ತರುತ್ತಾರೆ.

ಹೋಗುವ ಮುನ್ನ ದಿನ ಮತ್ತು ವೇಳೆ ನೋಡಿಕೊಳ್ಳಿ. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆ, ರಾತ್ರಿ ಏಳೂವರೆಯ ನಂತರ; ಸಂಜೆ ಐದಕ್ಕೆ ಹೋದರೆ ಮನೆಯವರೇ ಊಟಕ್ಕೆ ಕೂತಿರಬಹುದು. ರೋಮ್‌ನ ಹಳೆಯ ಟ್ರಾಟೊರಿಯಾಗಳಲ್ಲಿ ಗುರುವಾರ ಆಲೂಗಡ್ಡೆಯ ಪುಟ್ಟ ಕಡುಬುಗಳಾದ ನ್ಯೋಕ್ಕಿ, ಶುಕ್ರವಾರ ಮೀನು, ಶನಿವಾರ ದನದ ಜಠರದ ಮಾಂಸವಾದ ತ್ರಿಪ್ಪಾ ಎಂಬ ವಾರದ ಲೆಕ್ಕ ಇನ್ನೂ ಉಳಿದಿದೆ, ನ್ಯೋಕ್ಕಿ ಬೇಕಾದವರು ಗುರುವಾರವೇ ಹೋಗಲಿ. ವಾರಕ್ಕೊಂದು ದಿನ ರಜೆ ಇರುತ್ತದೆ. ಅಲ್ಲಿನ ಬೇಸಿಗೆ ಹಬ್ಬದ ರಜೆಯಾದ ಆಗಸ್ಟ್ 15ರ ಆಸುಪಾಸಿನಲ್ಲಂತೂ ಅಡುಗೆಯವರು, ಬಡಿಸುವವರು, ಗಲ್ಲಾದಲ್ಲಿ ಕೂರುವವರು ಎಲ್ಲರೂ ಒಂದೇ ಮನೆಯವರಾದ್ದರಿಂದ ಒಟ್ಟಿಗೇ ಊರು ಬಿಡುತ್ತಾರೆ. ಮೊದಲೇ ಫೋನ್ ಮಾಡದೆ ಹೋದವರಿಗೆ ಬಾಗಿಲ ಮೇಲೆ ಸಿಗುವುದು ‘ಕ್ಯೂಸೊ ಪೆರ್ ಫೆರಿಯೆ’, ರಜೆಗಾಗಿ ಮುಚ್ಚಿದೆ ಎಂಬ ಕೈಬರಹದ ಚೀಟಿ.

ಇತಿ,
ಓದುಗರೊಬ್ಬರು