ಹೊಂಡದ ನೀರು ಹತ್ತಿಗೆ ಯಾವಾಗ?

ಸಂಪಾದಕರಿಗೆ,

ಹಸ್ತ, ಚಿತ್ತೆ ಮಳೆ ಕೈಕೊಟ್ಟ ವರ್ಷ ಧಾರವಾಡ, ಗದಗ, ಹಾವೇರಿ ಸೀಮೆಯ ಎರೆ (ಕಪ್ಪುಮಣ್ಣಿನ) ಹೊಲಗಳಲ್ಲಿ ಹತ್ತಿ ಬಾಡಿ ನಿಂತಿರುತ್ತದೆ, ಮಗ್ಗುಲ ಕೃಷಿಹೊಂಡದಲ್ಲಿ ನೀರೂ ಇರುತ್ತದೆ. 'ಇನ್ನೆರಡು ದಿನ ನೋಡೋಣ, ಮಳೆ ಆದರೂ ಆದೀತು' ಎಂದು ಪಂಪ್ ಮನೆಯಲ್ಲೇ ಉಳಿಯುತ್ತದೆ. 2014ರಲ್ಲಿ ಸರ್ಕಾರದ ಕೃಷಿಭಾಗ್ಯ ಯೋಜನೆ ಬಂದಾಗಿನಿಂದ ಹೊಂಡ ತೋಡುವ ಬಗ್ಗೆ ಬೇಕಾದಷ್ಟು ಮಾತಾಗಿದೆ. ಆ ನೀರನ್ನು ಯಾವಾಗ, ಎಷ್ಟು ಬಿಡಬೇಕೆಂಬುದು ಮಾತ್ರ ರೈತನ ಅಂದಾಜಿಗೇ ಬಿಟ್ಟದ್ದಾಗಿದೆ.

21 ಮೀಟರ್ ಉದ್ದಗಲ, 3 ಮೀಟರ್ ಆಳದ ಹೊಂಡಕ್ಕೆ ಬದಿ ಇಳಿಜಾರು ಒಂದಕ್ಕೆ ಒಂದರಂತೆ ಕೊಟ್ಟರೆ ಅದು ಹಿಡಿಯುವುದು ಸುಮಾರು 9.8 ಲಕ್ಷ ಲೀಟರ್. ಒಂದು ಎಕರೆಗೆ 5 ಸೆಂ.ಮೀ. ನೀರುಣಿಸಲು 2 ಲಕ್ಷ ಲೀಟರ್ ಬೇಕು. ಐದು ಎಕರೆಗೆ ಒಂದು ಸಲವೂ ಪೂರ್ತಿ ಮುಟ್ಟದು. ಕಾಯುತ್ತ ಕೂತರೂ ಖರ್ಚೇ: ದಿನಕ್ಕೆ 5 ಮಿ.ಮೀ. ಆರಿದರೂ ತುಂಬಿದ ಹೊಂಡದಿಂದ ತಿಂಗಳಿಗೆ 66 ಸಾವಿರ ಲೀಟರ್ ಹೋಗಿಬಿಡುತ್ತದೆ.

ಆದ್ದರಿಂದ ಸಾಲು ಬಿಟ್ಟು ಸಾಲು ಹಾಯಿಸಬೇಕು. ನೀರು ಅರ್ಧಕ್ಕರ್ಧ ಉಳಿಯುತ್ತದೆ ಅನ್ನುವುದು ಸುಳ್ಳು. ಎರೆ ಮಣ್ಣು ನೀರನ್ನು ಪಕ್ಕಕ್ಕೆ ಎಳೆದುಕೊಳ್ಳುವುದರಿಂದ ಹಾಯಿಸಿದ ಸಾಲು ಹೆಚ್ಚು ಕುಡಿಯುತ್ತದೆ. ಆದರೂ ಮೂರರಲ್ಲೊಂದು ಪಾಲು ಉಳಿದೀತು. ಎರಡನೇ ಸಲಕ್ಕೆ ನೀರಿದ್ದರೆ ಮೊದಲ ಸಲ ನೀರು ಕಾಣದ ಸಾಲಿಗೆ ಕೊಡಿ.

ಆರಿದ್ರಾ ಮಳೆಗೆ ಬಿತ್ತಿದ ಬಿಟಿ ಹತ್ತಿ ಮೊಗ್ಗಿನಲ್ಲಿದ್ದಾಗ, ಅಂದರೆ 45–60 ದಿನಕ್ಕೆ, ತುಸು ಬರ ತಾಳಿಕೊಳ್ಳುತ್ತದೆ. ಉದುರಿದ ಮೊಗ್ಗಿನ ಬದಲು ಮಳೆ ಬಿದ್ದಮೇಲೆ ಬೇರೆ ಮೊಗ್ಗು ಬರುತ್ತವೆ. 80ರಿಂದ 110 ದಿನದ ನಡುವೆ ಹಾಗಲ್ಲ. ಆಗ ಹೂವು, ಎಳೆಗಾಯಿ ಉದುರಿದರೆ ಅವು ಹೋದಂತೆಯೇ. ಹತ್ತು ಹನ್ನೆರಡು ದಿನ ಮೀರಿದ ಕಾಯಿ ಗಿಡದಲ್ಲೇ ನಿಂತರೂ ಸಣ್ಣದಾಗುತ್ತದೆ. 3 ಅಡಿ, 2 ಅಡಿ ಅಂತರದಲ್ಲಿ ಎಕರೆಗೆ ಏಳು ಸಾವಿರದಷ್ಟು ಗಿಡ. ಗಿಡಕ್ಕೆ 4 ಗ್ರಾಂ ತೂಗುವ ಮೂರು ಕಾಯಿ ಹೆಚ್ಚು ಉಳಿದರೆ ಎಕರೆಗೆ 84 ಕಿಲೊ ಬೀಜಸಹಿತ ಹತ್ತಿ.

ನೀರು ಯಾವಾಗ ಬೇಕೆಂದು ಗಿಡವೇ ಹೇಳುತ್ತದೆ. ಬೆಳಗ್ಗೆ ಹೊಲಕ್ಕೆ ಹೋಗಿ, ಕಾಂಡಕ್ಕೆ ಹತ್ತಿರವಿರುವ, ಎಲ್ಲಕ್ಕಿಂತ ಮೇಲಿನ ಬಿಳಿ ಹೂವು ಹುಡುಕಿ (ಮರುದಿನ ಅದು ಗುಲಾಬಿಯಾಗುತ್ತದೆ, ಅದು ಬೇಡ). ಅಲ್ಲಿಂದ ತುದಿಯವರೆಗೆ ಗೆಣ್ಣು ಎಣಿಸಿ. ಏಳೆಂಟು ಇದ್ದರೆ ಅವಸರವಿಲ್ಲ. 80–85 ದಿನಕ್ಕೇ ಐದಕ್ಕೆ ಇಳಿದಿದ್ದರೆ ಗಿಡ ಬೆಳವಣಿಗೆ ನಿಲ್ಲಿಸುತ್ತಿದೆ, ಅಂದೇ ಪಂಪ್ ಹೊರಡಬೇಕು. ಮಧ್ಯಾಹ್ನದ ಬಾಡು ನೋಡಿ ತೀರ್ಮಾನಿಸಬೇಡಿ. ಚುರುಕು ಬಿಸಿಲಿಗೆ ಒಳ್ಳೆಯ ಗಿಡವೂ ತಲೆ ಬಾಗಿಸುತ್ತದೆ. ಬೆಳಗ್ಗೆಯೂ ಹಾಗೇ ಇದ್ದರೆ ತಡವಾಗಿದೆ ಎಂದರ್ಥ.

ತಡವಾದರೆ ಕಾಟ ಎರಡು. ನೆಲ ಬೆರಳು ಹೋಗುವಷ್ಟು ಬಿರಿದಿದ್ದರೆ ನೀರು ಸಾಲು ಮುಂದುವರಿಯದೆ ಬಿರುಕಿನಲ್ಲಿಳಿದು ಬೇರಿನ ಕೆಳಗೆ ಹೋಗುತ್ತದೆ. ಸಾಲಿನ ನಡುವೆ ಎತ್ತು ಹಾಯುವಷ್ಟು ಜಾಗವಿರುವಾಗಲೇ ಎಡೆಕುಂಟೆ ಹೊಡೆದು ಬಿರುಕು ಮುಚ್ಚಿರಬೇಕು. ಇನ್ನೊಂದು, ಬಹಳ ದಿನ ಒಣಗಿದ ಹೊಲಕ್ಕೆ ಒಮ್ಮೆಗೇ ನೀರು ನಿಲ್ಲಿಸಿದರೆ ಬೇರಿಗೆ ಗಾಳಿ ಸಿಗದೆ, ಕಾಯಿ ತುಂಬಿದ ಗಿಡಗಳೇ ಕೆಲವು ತಾಸಿನಲ್ಲಿ ಜೋತುಬೀಳುತ್ತವೆ. ಇದನ್ನು ರೋಗವೆಂದುಕೊಂಡು ಕೀಟನಾಶಕ ಹೊಡೆಯುವವರಿದ್ದಾರೆ. ನಿಂತ ನೀರು ಬಸಿದು ಹೋಗುವಂತೆ ಮಾಡುವುದೇ ಮೊದಲ ಕೆಲಸ.

ರೈತ ಸಂಪರ್ಕ ಕೇಂದ್ರಗಳು ಬಿತ್ತಿದ ವಾರಕ್ಕೆ ತಕ್ಕಂತೆ ನೀರು ಬಿಡುವ ದಿನಗಳನ್ನು ಸೆಪ್ಟೆಂಬರಿನಲ್ಲೇ ಪ್ರಕಟಿಸಲಿ. ಮೊದಲ ಬಿಡಿಸುವಿಕೆಯಾದ ಮೇಲೆ ಹತ್ತಿಗೆ ನೀರು ಬಿಡಬೇಡಿ ಎಂದೂ ಅದರಲ್ಲಿ ಬರೆಯಲಿ. ಆಗ ಬರುವ ಹೊಸ ಹೂಕಾಯಿ ಗುಲಾಬಿ ಕಾಯಿಕೊರಕ ಹುಳುವಿಗೆ ಊಟ. ಹೊಂಡದ ತಳದಲ್ಲಿ ಉಳಿದ ನೀರು ಪಕ್ಕದ ಕಡಲೆಗೆ, ಹೂ ಬಿಡುವ ಮುಂಚೆ, ಹೋಗಲಿ.

– ಒಣಬೇಸಾಯದ ಹತ್ತಿ ಬೆಳೆಗಾರರು, ಕುಂದಗೋಳ ತಾಲ್ಲೂಕು