ಚಿಮಣಿಯ ಬುಡದಲ್ಲಿ ಅಳೆದರೆ ಸಾಲದು

ಮಾನ್ಯರೇ,

ಕಲ್ಲಿದ್ದಲು ಸ್ಥಾವರಗಳ ಹೊಗೆಯಿಂದ ಗಂಧಕ ತೆಗೆಯುವ ಎಫ್‌ಜಿಡಿ ಯಂತ್ರ ಕೂರಿಸುವುದರಿಂದ ದೇಶದ ಸುಮಾರು ಶೇ 78ರಷ್ಟು ಘಟಕಗಳಿಗೆ ಕೇಂದ್ರ ಪರಿಸರ ಸಚಿವಾಲಯ 2025ರ ಜುಲೈನಲ್ಲಿ ವಿನಾಯಿತಿ ಕೊಟ್ಟಿದೆ. ಅವು ಚಿಮಣಿ ಎತ್ತರದ ನಿಯಮ ಪಾಲಿಸಿದರೆ ಸಾಕಂತೆ. ಸ್ಥಾವರಗಳ ಸುತ್ತಲಿನ ಗಾಳಿಯಲ್ಲಿ ಗಂಧಕದ ಡೈಆಕ್ಸೈಡ್ ಮಿತಿಯೊಳಗಿದೆ ಎಂಬ ಕಾರಣವನ್ನೂ ಮುಂದಿಡಲಾಗಿದೆ. ಇರಬಹುದು. 275 ಮೀಟರ್ ಎತ್ತರದಲ್ಲಿ ಬಿಟ್ಟ ಹೊಗೆ ಬುಡಕ್ಕೇ ಏಕೆ ಇಳಿದೀತು?

ಕೆನಡಾದ ಸಡ್‌ಬರಿಯಲ್ಲಿ ನಿಕ್ಕಲ್ ಕಾರ್ಖಾನೆಗೆ 1972ರಲ್ಲಿ 381 ಮೀಟರಿನ ಚಿಮಣಿ ಕಟ್ಟಿದರು. ಊರಿನ ಗಾಳಿ ತಿಳಿಯಾಯಿತು, ಗಂಧಕ ದೂರದವರ ಪಾಲಾಯಿತು. ಅಮೆರಿಕದ ಹಬಾರ್ಡ್ ಬ್ರೂಕ್ ಕಾಡಿನಲ್ಲಿ ಕಾರ್ಖಾನೆಯೇ ಇರಲಿಲ್ಲ. ಆದರೂ ಅಲ್ಲಿ ಆಮ್ಲ ಮಳೆ, ಅಂದರೆ ಹೊಗೆಯ ಗಂಧಕ ಬೆರೆತು ಹುಳಿಯಾದ ಮಳೆ, ಬೀಳುತ್ತಿದ್ದುದು ಗೊತ್ತಾದದ್ದು, ವಿಜ್ಞಾನಿ ಜೀನ್ ಲೈಕನ್ಸ್ ಮತ್ತು ಸಂಗಡಿಗರು 1963ರಿಂದ ಮಳೆನೀರನ್ನೂ ಹಳ್ಳದ ನೀರನ್ನೂ ಬಿಡದೆ ಪರೀಕ್ಷಿಸಿದ್ದರಿಂದ. 1990ರಲ್ಲಿ ಅಮೆರಿಕದಲ್ಲಿ ಗಂಧಕಕ್ಕೆ ಕಡಿವಾಣ ಹಾಕಿದ ಕಾಯ್ದೆಯ ಹಿಂದೆ ಇಂಥ ದಾಖಲೆಗಳ ಬಲವಿತ್ತು. ಮಳೆಯ ಹುಳಿ ಇಳಿದ ಮೇಲೂ, ಮಣ್ಣು ಕಳೆದುಕೊಂಡ ಕ್ಯಾಲ್ಸಿಯಂ ಬೇಗ ಮರಳುವುದಿಲ್ಲ ಎಂಬುದನ್ನೂ ಅವೇ ತಿಳಿಸಿಕೊಟ್ಟವು.

ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಬಯಲುಸೀಮೆಯ ದೂಳಿನ ಸುಣ್ಣದಂಶ ಆಮ್ಲವನ್ನು ಮುರಿಯುತ್ತದೆ, ನಿಜ. ಮಲೆನಾಡಿನಲ್ಲಿ ಆ ರಕ್ಷಣೆ ಕಡಿಮೆ. ನಮ್ಮದು ಮೊದಲೇ ಹುಳಿಮಣ್ಣು, ಅಡಿಕೆ ತೋಟಕ್ಕೆ ಸುಣ್ಣ ಹಾಕದೆ ಆಗುವುದಿಲ್ಲ. ಹುಳಿ ಇನ್ನೂ ಏರಿದರೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಹಳ್ಳಕ್ಕೆ ಇಳಿಯುತ್ತದೆ, ಮೀನಿನ ಕಿವಿರು ಕೆಡುತ್ತದೆ.

ಮುಂಗಾರಿನ ಗಾಳಿ ಬೀಸುವುದು ಕಡಲಿನಿಂದ. ರಾಯಚೂರು, ಬಳ್ಳಾರಿಯ ಹೊಗೆ ಆಗ ಮೂಡಣಕ್ಕೆ ಹೋಗುತ್ತದೆ, ತೆಲಂಗಾಣ, ಆಂಧ್ರದವರ ಮೇಲೆ. ಹಿಂಗಾರಿನಲ್ಲಿ ಗಾಳಿ ತಿರುಗುತ್ತದೆ. ಆಗ ಘಟ್ಟದ ಮೇಲೆ ಬೀಳುವ ಮಳೆಯನ್ನು, ಚಳಿಗಾಲದ ಇಬ್ಬನಿಯನ್ನು ಮೊದಲು ಅಳೆಯಬೇಕು.

ಹವಾಮಾನ ಇಲಾಖೆ 1970ರ ದಶಕದಿಂದ ಕೊಡೈಕೆನಾಲ್, ಮಿನಿಕಾಯ್, ನಾಗಪುರ ಮೊದಲಾದೆಡೆ ಮಳೆನೀರಿನ ರಸಾಯನ ಪರೀಕ್ಷಿಸುತ್ತ ಬಂದಿದೆ. ಆ ಜಾಲದಲ್ಲಿ ಕರ್ನಾಟಕದ ಒಂದು ಊರೂ ಇಲ್ಲ. ಆಗುಂಬೆಯಲ್ಲೋ ಕುದುರೆಮುಖದಲ್ಲೋ ಮಳೆ ಬಿದ್ದಾಗ ಮಾತ್ರ ಮುಚ್ಚಳ ತೆರೆದುಕೊಳ್ಳುವ ಒಂದು ಸಂಗ್ರಹ ಯಂತ್ರ ಇಟ್ಟು, ಪಕ್ಕದ ಹಳ್ಳದ ನೀರನ್ನೂ ವಾರಕ್ಕೊಮ್ಮೆ ಪರೀಕ್ಷಿಸಲಿ, ಅಂಕಿಗಳನ್ನು ಪ್ರಕಟಿಸಲಿ. ಹತ್ತು ವರ್ಷವಾದರೂ ನಿಲ್ಲಿಸದಿರಲಿ.

ನಮ್ಮ ಅಂಗಳದಲ್ಲಿ ಅಪ್ಪನ ಕಾಲದಿಂದಲೂ ಮಳೆಮಾಪಕವಿದೆ. ಬೆಳಿಗ್ಗೆ ಎಂಟೂವರೆಗೆ ಓದಿ, ಡೈರಿಯಲ್ಲಿ ಬರೆದು, ನೀರನ್ನು ತುಳಸಿಕಟ್ಟೆಗೆ ಚೆಲ್ಲುತ್ತೇನೆ. ಎಷ್ಟು ಇಂಚು ಎಂದು ಯಾವ ವರ್ಷದ್ದು ಕೇಳಿದರೂ ಹೇಳಬಲ್ಲೆ. ಆ ನೀರಿನ ಪಿಎಚ್, ಅಂದರೆ ಹುಳಿಯ ಅಳತೆ, ಎಷ್ಟಿತ್ತೆಂದು ಒಂದು ದಿನದ್ದೂ ನನ್ನ ಬಳಿ ಇಲ್ಲ. ಮಾದರಿ ಬೇಕೆಂದರೆ ಬಾಟಲಿ ತುಂಬಿಸಿ ಕೊಡಲು ನಾನು ಸಿದ್ಧ, ನಮ್ಮೂರಿನ ಇನ್ನೂ ಹಲವರು ಸಿದ್ಧರಿದ್ದಾರೆ.

– ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು